ಕಾಡುಮೊಲಗಳ ಕರುಳಿನ ಪರೋಪಜೀವಿಗಳು

ಕಾಡುಮೊಲಗಳ ಕರುಳಿನ ಪರೋಪಜೀವಿಗಳು ಎಂದರೆ ಯುರೋಪಿನ ಕಾಡುಮೊಲದ ಜಠರ, ಸಣ್ಣ ಕರುಳು, ಅಂಧಾಂತ್ರ ಮತ್ತು ದೊಡ್ಡ ಕರುಳುಗಳಲ್ಲಿ ನೆಲೆಸಿ, ಅದರ ಆಹಾರವನ್ನೋ ಅಂಗಾಂಶವನ್ನೋ ಅವಲಂಬಿಸಿ ಬದುಕುವ ಜೀವಿಗಳು. ದುಂಡುಹುಳುಗಳು, ಲಾಡಿಹುಳುಗಳು ಹಾಗೂ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಏಕಕೋಶ ಜೀವಿಗಳು ಇವುಗಳ ಮೂರು ಮುಖ್ಯ ಗುಂಪುಗಳು. ಸ್ವತಂತ್ರವಾಗಿ ಬದುಕುವ ಮೊಲಗಳಲ್ಲಿ ಇವು ಸರ್ವೇಸಾಮಾನ್ಯ. ಯಾವ ಪರೋಪಜೀವಿಯೂ ಇಲ್ಲದ ಪ್ರಾಯದ ಕಾಡುಮೊಲ ಸಿಗುವುದೇ ಅಪರೂಪ. ಹೊಟ್ಟೆಯಲ್ಲಿ ಹುಳುಗಳಿವೆ ಎಂದ ಮಾತ್ರಕ್ಕೆ ಮೊಲ ರೋಗಿಯಾಗಿದೆ ಎಂದು ಹೇಳಲಾಗದು. ಎಷ್ಟು ಹುಳುಗಳಿವೆ, ಮೊಲದ ವಯಸ್ಸೆಷ್ಟು, ಅದೇ ವೇಳೆಗೆ ಬೇರೆ ಯಾವ ಸೋಂಕು ತಗುಲಿದೆ ಎಂಬುವುಗಳ ಮೇಲೆ ಅದರ ಆರೋಗ್ಯ ನಿಂತಿದೆ.

ಹೆಸರಿನ ಕುರಿತು

ಕನ್ನಡದಲ್ಲಿ ಮೊಲ ಎಂಬ ಒಂದೇ ಪದವು ಎರಡು ಬೇರೆ ಬೇರೆ ಪ್ರಾಣಿಗಳಿಗೆ ಬಳಕೆಯಾಗುತ್ತಿರುವುದರಿಂದ ಇಲ್ಲಿ ಒಂದು ವಿವರಣೆ ಅಗತ್ಯ. ಕರ್ನಾಟಕದ ಹೊಲಗದ್ದೆಗಳಲ್ಲಿ, ಕುರುಚಲು ಕಾಡುಗಳಲ್ಲಿ ಕಾಣುವ, ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಮೊಲದ ವೈಜ್ಞಾನಿಕ ಹೆಸರು ಲೀಪಸ್ ನೈಗ್ರಿಕೊಲಿಸ್. ಇದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಅಡಗಿರುತ್ತದೆ. ಇದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ತೆರೆದಿರುತ್ತವೆ. ಈ ಲೇಖನದ ವಿಷಯವಾಗಿರುವ ಯುರೋಪಿನ ಕಾಡುಮೊಲದ ಹೆಸರು ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್. ಇದು ನೆಲದೊಳಗೆ ಬಿಲಗಳ ಜಾಲವನ್ನೇ ತೋಡಿ ಗುಂಪಾಗಿ ವಾಸಿಸುತ್ತದೆ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಭಾರತದಲ್ಲಿ ಇದು ಕಾಡುಪ್ರಾಣಿಯಾಗಿ ಇಲ್ಲ. ಆದರೆ ನಮ್ಮಲ್ಲಿ ಗೂಡುಗಳಲ್ಲಿ ಸಾಕುವ ಬಿಳಿ, ಬೂದು, ಕಪ್ಪು ಮೊಲಗಳೆಲ್ಲ ಇದೇ ಪ್ರಾಣಿಯ ಸಂತತಿ. ಆದ್ದರಿಂದ ಮುಂದೆ ವಿವರಿಸುವ ಪರೋಪಜೀವಿಗಳಲ್ಲಿ ಕೆಲವು ನಮ್ಮ ಮೊಲ ಸಾಕಣೆದಾರರಿಗೂ ಪರಿಚಿತವಾದವೇ.

ಎರಡು ಪ್ರಾಣಿಗಳ ನಡುವಿನ ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. ಒಂಟಿಯಾಗಿ ಅಲೆಯುವ ಪ್ರಾಣಿಯ ಹಿಕ್ಕೆ ವಿಶಾಲವಾದ ನೆಲದ ಮೇಲೆ ಚದುರಿ ಬೀಳುತ್ತದೆ. ಬಿಲದ ಸುತ್ತ ಗುಂಪಾಗಿ ಬದುಕುವ ಮೊಲಗಳು ದಿನವೂ ಅದೇ ಹುಲ್ಲುಗಾವಲಿನಲ್ಲಿ ಮೇಯುತ್ತವೆ, ಅಲ್ಲಿಯೇ ಹಿಕ್ಕೆ ಹಾಕುತ್ತವೆ. ಪರೋಪಜೀವಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೊಂದಿಲ್ಲ.

ಎರಡು ಬಗೆಯ ಹಿಕ್ಕೆ

ಮೊಲವು ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯಾದ, ಒಣಗಿದ ಗುಂಡು ಹಿಕ್ಕೆ ಎಲ್ಲರೂ ಕಂಡಿರುವಂಥದ್ದು. ಅಂಧಾಂತ್ರದಲ್ಲಿ ಹುದುಗಿ ಹೊರಬರುವ ಮೆತ್ತನೆಯ ಹಿಕ್ಕೆಯನ್ನು ಮೊಲವು ನೆಲಕ್ಕೆ ಬೀಳಲು ಬಿಡದೆ ಗುದದ್ವಾರದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಹುಲ್ಲಿನ ಪೋಷಕಾಂಶಗಳನ್ನು ಎರಡನೆಯ ಬಾರಿ ಹೀರಿಕೊಳ್ಳುವ ಈ ಕ್ರಮ ದನಗಳು ಮೆಲುಕು ಹಾಕುವುದಕ್ಕೆ ಸಮಾನವಾದದ್ದು; ಇದನ್ನು ಅಸಹ್ಯವೆಂದು ಭಾವಿಸಬೇಕಾಗಿಲ್ಲ.

ಈ ಅಭ್ಯಾಸದಿಂದಲೇ ಎಲ್ಲ ಪರೋಪಜೀವಿಗಳೂ ಮತ್ತೆ ಮತ್ತೆ ಒಳಸೇರುತ್ತವೆ ಎಂದು ಊಹಿಸುವುದು ಸಹಜ. ವಾಸ್ತವದಲ್ಲಿ ಹಾಗಿಲ್ಲ. ಮೊಲದ ದೇಹದಿಂದ ಆಗಷ್ಟೇ ಹೊರಬಂದ ಬಹುತೇಕ ಮೊಟ್ಟೆಗಳು ಸೋಂಕು ಹರಡುವ ಸ್ಥಿತಿಯಲ್ಲಿರುವುದಿಲ್ಲ. ಅವು ಹೊರಗಿನ ಗಾಳಿ, ತೇವ ಮತ್ತು ಹದವಾದ ಉಷ್ಣತೆಯಲ್ಲಿ ಕೆಲಕಾಲ ಬೆಳೆಯಬೇಕು. ಮೆತ್ತನೆಯ ಹಿಕ್ಕೆಗೆ ಆ ಅವಕಾಶವೇ ಇಲ್ಲ; ಹಾಗಾಗಿ ಅದರೊಂದಿಗೆ ನುಂಗಲ್ಪಟ್ಟ ಮೊಟ್ಟೆಗಳು ಬಂದಂತೆಯೇ ಹೊರಹೋಗುತ್ತವೆ. ಸೋಂಕಿನ ನಿಜವಾದ ಮೂಲ ಬಿಲದ ಸುತ್ತಲಿನ ಹುಲ್ಲು ಮತ್ತು ಮಣ್ಣು.

ದುಂಡುಹುಳುಗಳು

ಯುರೋಪಿನ ಕಾಡುಮೊಲದ ಜೀರ್ಣಾಂಗದಲ್ಲಿ ಮೂರು ದುಂಡುಹುಳುಗಳು ಪ್ರಧಾನವಾಗಿವೆ. ಮೂರೂ ಬೇರೆ ಬೇರೆ ಭಾಗಗಳನ್ನು ಆಕ್ರಮಿಸಿಕೊಂಡಿವೆ.

ಗ್ರಾಫಿಡಿಯಮ್ ಸ್ಟ್ರೈಗೋಸಮ್ ಜಠರದಲ್ಲಿ ವಾಸಿಸುತ್ತದೆ. ಕೆಂಪು ಛಾಯೆಯ ಈ ಹುಳು ಒಂದರಿಂದ ಎರಡು ಸೆಂಟಿಮೀಟರ್ ಉದ್ದ ಬೆಳೆಯುವುದರಿಂದ ಜಠರವನ್ನು ಕೊಯ್ದು ನೋಡಿದಾಗ ಬರಿಗಣ್ಣಿಗೇ ಕಾಣುತ್ತದೆ. ಟ್ರೈಕೊಸ್ಟ್ರಾಂಗೈಲಸ್ ರಿಟಾರ್ಟಿಫಾರ್ಮಿಸ್ ಸಣ್ಣ ಕರುಳಿನ ಮೊದಲ ಭಾಗದಲ್ಲಿರುತ್ತದೆ. ಇದು ಕೂದಲಿನಂತೆ ತೆಳುವಾಗಿದ್ದು ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಲೋಳೆಪೊರೆಗೆ ಅಂಟಿಕೊಂಡಿರುವುದರಿಂದ ಅಭ್ಯಾಸವಿಲ್ಲದವರ ಕಣ್ಣಿಗೆ ಸುಲಭವಾಗಿ ಬೀಳದು. ಇವೆರಡರ ಜೀವನಚಕ್ರ ಬಹುತೇಕ ಒಂದೇ ತೆರನಾದದ್ದು. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ. ಎರಡು ಬಾರಿ ಪೊರೆ ಬಿಟ್ಟು ಮೂರನೆಯ ಹಂತವನ್ನು ತಲುಪುತ್ತದೆ. ಈ ಮೂರನೆಯ ಹಂತದ ಮರಿಗೆ ಮಾತ್ರ ಸೋಂಕು ಉಂಟುಮಾಡುವ ಶಕ್ತಿಯಿದೆ. ಅದು ಹುಲ್ಲಿನ ಎಸಳಿನ ಮೇಲಿನ ತೇವದಲ್ಲಿ ಹರಿದು ಮೇಲೇರಿ, ಮೇಯುವ ಮೊಲದ ಬಾಯಿಯನ್ನು ಸೇರುತ್ತದೆ. ನಡುವೆ ಬೇರೆ ಯಾವ ಪ್ರಾಣಿಯ ನೆರವೂ ಬೇಕಿಲ್ಲ. ಬಿಸಿಲಿನ ಒಣಹವೆ ಈ ಮರಿಗಳಿಗೆ ಮಾರಕ. ಮೋಡ ಮುಸುಕಿದ, ತೇವ ಆರದ ಹುಲ್ಲುಗಾವಲು ಇವುಗಳಿಗೆ ಹಿತ.

ಮೂರನೆಯದಾದ ಪ್ಯಾಸಲೂರಸ್ ಆಂಬಿಗ್ಯೂಸ್ ಅಂಧಾಂತ್ರ ಮತ್ತು ದೊಡ್ಡ ಕರುಳಿನಲ್ಲಿ ಕೆಲವೊಮ್ಮೆ ಸಾವಿರಾರು ಸಂಖ್ಯೆಯಲ್ಲಿರುತ್ತದೆ. ಮಕ್ಕಳಿಗೆ ಆಗುವ ಸೂಜಿಹುಳುವಿನ ದೂರದ ಸಂಬಂಧಿ ಇದು. ಆದರೆ ಮನುಷ್ಯರಿಗೆ ತಗುಲುವುದಿಲ್ಲ. ಹಿಂದೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ. ಇದರ ಮೊಟ್ಟೆಗಳು ಗುದದ್ವಾರದ ಸುತ್ತ ಅಂಟಿಕೊಂಡು ಬೇಗನೆ ಬಲಿಯುವುದರಿಂದ, ಮೆತ್ತನೆಯ ಹಿಕ್ಕೆಯನ್ನು ಬಾಯಿಗೆ ತೆಗೆದುಕೊಳ್ಳುವಾಗ ಅದೇ ಮೊಲಕ್ಕೆ ಮರುಸೋಂಕು ತಗಲಬಹುದು. ಸಂಖ್ಯೆ ದೊಡ್ಡದಾದರೂ ಈ ಹುಳು ಮಾಡುವ ಹಾನಿ ಅತ್ಯಲ್ಪ.

ಲಾಡಿಹುಳುಗಳು

ಮೊಲದ ಸಣ್ಣ ಕರುಳಿನಲ್ಲಿರುವ ಲಾಡಿಹುಳುಗಳಲ್ಲಿ ಮಾಸ್ಗೊವೊಯಿಯ ಪೆಕ್ಟಿನೇಟ ಮತ್ತು ಆಂಡ್ರಿಯ ಕ್ಯುನಿಕ್ಯುಲಿ ಮುಖ್ಯವಾದವು. ಇವುಗಳಿಗೆ ಮಧ್ಯಂತರ ಅತಿಥೇಯ ಬೇಕು. ಹುಲ್ಲಿನ ಬೇರಿನ ಬಳಿ ಕೊಳೆತ ಎಲೆ ತಿಂದು ಬದುಕುವ ಓರಿಬ್ಯಾಟಿಡ್ ಎಂಬ ಅತಿ ಚಿಕ್ಕ ನುಸಿಗಳು ಲಾಡಿಹುಳುವಿನ ಮೊಟ್ಟೆಯನ್ನು ನುಂಗುತ್ತವೆ. ಹುಲ್ಲಿನೊಡನೆ ಆ ನುಸಿಯನ್ನು ಮೊಲ ತಿಳಿಯದೆ ತಿಂದಾಗ ಸೋಂಕು ಪೂರ್ಣವಾಗುತ್ತದೆ.

ಟೀನಿಯ ಪಿಸಿಫಾರ್ಮಿಸ್ ಎಂಬ ಇನ್ನೊಂದು ಲಾಡಿಹುಳು ಮೊಲದ ಕರುಳಿನಲ್ಲಿ ವಾಸಿಸುವುದಿಲ್ಲ. ಅದರ ಪ್ರೌಢಾವಸ್ಥೆ ನಾಯಿ, ನರಿಗಳ ಕರುಳಿನಲ್ಲಿ. ಮೊಲದ ಹೊಟ್ಟೆಯ ಒಳಪದರಗಳಲ್ಲಿ ಬಟಾಣಿ ಕಾಳಿನಂಥ ನೀರುಗುಳ್ಳೆಗಳಾಗಿ ಅದರ ಮರಿಯವಸ್ಥೆ ಕಾಯುತ್ತಿರುತ್ತದೆ. ಮೊಲವನ್ನು ನರಿ ತಿಂದಾಗ ಚಕ್ರ ಮುಂದುವರಿಯುತ್ತದೆ.

ಏಕಕೋಶ ಪರೋಪಜೀವಿಗಳು

ಮೊಲದ ಮರಿಗಳ ಪಾಲಿಗೆ ಹುಳುಗಳಿಗಿಂತ ಹೆಚ್ಚು ಅಪಾಯಕಾರಿಯಾದವು ಐಮೀರಿಯ ಕುಲದ ಏಕಕೋಶ ಜೀವಿಗಳು. ಇವು ತರುವ ರೋಗಕ್ಕೆ ಕಾಕ್ಸಿಡಿಯೋಸಿಸ್ ಎಂದು ಹೆಸರು. ಕೋಳಿ ಸಾಕುವವರು ರಕ್ತಭೇದಿ ಎಂದು ಗುರುತಿಸುವ ರೋಗದ ಕುಟುಂಬಕ್ಕೇ ಇದು ಸೇರಿದೆ; ಆದರೆ ಕೋಳಿಯ ಐಮೀರಿಯ ಮೊಲಕ್ಕಾಗಲಿ, ಮೊಲದ್ದು ಕೋಳಿಗಾಗಲಿ ತಗುಲುವುದಿಲ್ಲ. ಯುರೋಪಿನ ಮೊಲದಲ್ಲಿ ಐಮೀರಿಯದ ಹನ್ನೊಂದು ಪ್ರಭೇದಗಳನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಹತ್ತು ಪ್ರಭೇದಗಳು ಕರುಳಿನಲ್ಲಿದ್ದು, ಅವುಗಳಲ್ಲಿ ಐಮೀರಿಯ ಇಂಟೆಸ್ಟೈನಾಲಿಸ್ ಮತ್ತು ಐಮೀರಿಯ ಫ್ಲಾವೆಸೆನ್ಸ್ ಅತ್ಯಂತ ಹಾನಿಕರ. ಹನ್ನೊಂದನೆಯದಾದ ಐಮೀರಿಯ ಸ್ಟೀಡೆ ಕರುಳಿನ ಮೂಲಕ ಒಳಹೊಕ್ಕು ಪಿತ್ತನಾಳಗಳಲ್ಲಿ ನೆಲೆಸುತ್ತದೆ. ಆಗ ಯಕೃತ್ತಿನ ಮೇಲೆ ಬಿಳಿಯ ಗಂಟುಗಳು ಕಾಣಿಸುತ್ತವೆ.

ಈ ಕೊನೆಯ ಪ್ರಭೇದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಒಂದು ವಿಶೇಷ ಸ್ಥಾನವಿದೆ. 1674ರಲ್ಲಿ ಹಾಲೆಂಡಿನ ಆಂಟನಿ ವಾನ್ ಲೀವೆನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದ ಮೂಲಕ ಮುದಿ ಮೊಲವೊಂದರ ಪಿತ್ತರಸವನ್ನು ಪರೀಕ್ಷಿಸಿ, ಅದರಲ್ಲಿ ಮೊಟ್ಟೆಯಾಕಾರದ ಕಣಗಳನ್ನು ಕಂಡು ಬರೆದಿಟ್ಟ. ಅವು ಐಮೀರಿಯ ಸ್ಟೀಡೆಯ ಕವಚಯುಕ್ತ ಅಂಡಗಳಾಗಿದ್ದವೆಂದು ಇಂದು ಪರಿಗಣಿಸಲಾಗಿದೆ. ಏಕಕೋಶ ಪರೋಪಜೀವಿಯೊಂದನ್ನು ಮನುಷ್ಯನ ಕಣ್ಣು ಕಂಡ ಮೊದಲ ಸಂದರ್ಭವೆಂದು ಇದನ್ನು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ತಾನು ಕಂಡದ್ದು ಏನೆಂದು ತಿಳಿಯುವ ಸಾಧನ ಅವನ ಕಾಲದಲ್ಲಿರಲಿಲ್ಲ.

ಕವಚಯುಕ್ತ ಅಂಡವು ಹಿಕ್ಕೆಯೊಂದಿಗೆ ಹೊರಬಿದ್ದು, ಉಷ್ಣತೆಯನ್ನು ಅನುಸರಿಸಿ ಒಂದರಿಂದ ಕೆಲವು ದಿನಗಳಲ್ಲಿ ಬಲಿಯುತ್ತದೆ. ಅದನ್ನು ನುಂಗಿದ ಮೊಲದ ಕರುಳಿನ ಒಳಪದರದ ಜೀವಕೋಶಗಳೊಳಗೆ ಪರೋಪಜೀವಿ ಹೊಕ್ಕು, ಒಡೆದು, ಮತ್ತೆ ಹೊಸ ಕೋಶಗಳನ್ನು ಹೊಕ್ಕು ವೃದ್ಧಿಸುತ್ತದೆ. ದುಂಡುಹುಳುಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಒಂದು ದುಂಡುಹುಳುವಿನ ಮರಿಯನ್ನು ನುಂಗಿದರೆ ಒಂದೇ ಹುಳು ಬೆಳೆಯುತ್ತದೆ. ಒಂದು ಐಮೀರಿಯ ಅಂಡವನ್ನು ನುಂಗಿದರೆ ಲಕ್ಷಗಟ್ಟಲೆ ಅಂಡಗಳು ಹೊರಬರಬಹುದು. ಮರಿಗಳು ಹಾಲು ಬಿಟ್ಟು ಹುಲ್ಲಿಗೆ ಬಾಯಿಹಾಕುವ ಸಮಯದಿಂದ ಮುಂದಿನ ಕೆಲವು ತಿಂಗಳು ಅತ್ಯಂತ ನಾಜೂಕಿನ ಕಾಲ. ಭೇದಿ, ನೀರಿನಂಶದ ನಷ್ಟ, ತೂಕದ ಇಳಿಕೆ, ಕೊನೆಗೆ ಸಾವು ಕೂಡ ಉಂಟಾಗಬಹುದು. ಬದುಕಿ ಉಳಿದವು ಆ ಪ್ರಭೇದದ ವಿರುದ್ಧ ಗಟ್ಟಿಯಾದ ನಿರೋಧಕ ಶಕ್ತಿ ಪಡೆಯುತ್ತವೆ. ಆದರೆ ಅಲ್ಪಸ್ವಲ್ಪ ಅಂಡಗಳನ್ನು ಹೊರಹಾಕುತ್ತಲೇ ಇದ್ದು ಮುಂದಿನ ಮರಿಗಳಿಗೆ ಸೋಂಕಿನ ಮೂಲವಾಗುತ್ತವೆ. ಒಂದು ಪ್ರಭೇದದ ವಿರುದ್ಧ ಪಡೆದ ರಕ್ಷಣೆ ಇನ್ನೊಂದು ಪ್ರಭೇದಕ್ಕೆ ಅನ್ವಯಿಸುವುದಿಲ್ಲ.

ಸ್ಕಾಟ್ಲೆಂಡಿನ ದೀರ್ಘಕಾಲದ ಅಧ್ಯಯನ

ಈ ವಿಷಯದಲ್ಲಿ ಇಂದು ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರದೇಶದ ಒಂದೇ ಕಾಡುಮೊಲ ಸಮುದಾಯದಿಂದ ಬಂದಿದೆ. ಬ್ರಯನ್ ಬೋಗ್ ಎಂಬ ವಿಜ್ಞಾನಿ 1970ರ ದಶಕದಿಂದ ಆರಂಭಿಸಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿನ ಮೊಲಗಳನ್ನು ಕ್ರಮವಾಗಿ ಪರೀಕ್ಷಿಸಿ, ಪ್ರತಿಯೊಂದರ ವಯಸ್ಸು, ಲಿಂಗ, ಗರ್ಭಾವಸ್ಥೆ ಮತ್ತು ಹೊಟ್ಟೆಯಲ್ಲಿನ ಹುಳುಗಳ ಎಣಿಕೆಯನ್ನು ದಾಖಲಿಸಿದರು. ಬೇಸರವಿಲ್ಲದೆ ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಇಂಥ ದಾಖಲೆ ವನ್ಯಜೀವಿಗಳ ವಿಷಯದಲ್ಲಿ ವಿರಳ. ಮುಂದೆ ಇಸಬೆಲ್ಲಾ ಕಟ್ಟಡೋರಿ, ಪೀಟರ್ ಹಡ್ಸನ್ ಮೊದಲಾದವರು ಈ ದಾಖಲೆಗಳನ್ನು ವಿಶ್ಲೇಷಿಸಿದರು.

ಜಠರದ ಗ್ರಾಫಿಡಿಯಮ್ ಮತ್ತು ಸಣ್ಣ ಕರುಳಿನ ಟ್ರೈಕೊಸ್ಟ್ರಾಂಗೈಲಸ್ ಎರಡೂ ಒಂದೇ ಹುಲ್ಲಿನಿಂದ, ಒಂದೇ ರೀತಿಯಲ್ಲಿ, ಒಂದೇ ಮೊಲದ ಒಳಗೆ ಬರುತ್ತವೆ. ಆದರೂ ಮೊಲಕ್ಕೆ ವಯಸ್ಸಾದಂತೆ ಇವೆರಡರ ಸಂಖ್ಯೆ ವಿರುದ್ಧ ದಿಕ್ಕಿಗೆ ಸಾಗುತ್ತದೆ. ಟ್ರೈಕೊಸ್ಟ್ರಾಂಗೈಲಸ್ ಎಳೆಯ ಮೊಲಗಳಲ್ಲಿ ವೇಗವಾಗಿ ಏರಿ, ಕೆಲವು ತಿಂಗಳಲ್ಲಿ ಶಿಖರ ಮುಟ್ಟಿ, ಅನಂತರ ಇಳಿಯುತ್ತದೆ. ಮೊಲದ ದೇಹ ಅದನ್ನು ಗುರುತಿಸಿ ಹೊರದೂಡಲು ಕಲಿಯುತ್ತದೆ. ಗ್ರಾಫಿಡಿಯಮ್ ಹಾಗಲ್ಲ. ಅದರ ವಿರುದ್ಧವೂ ದೇಹ ಪ್ರತಿಕ್ರಿಯೆ ತೋರುತ್ತದೆಯಾದರೂ ಅದು ಹುಳುವನ್ನು ಹೊರದೂಡುವಷ್ಟು ಪರಿಣಾಮಕಾರಿಯಲ್ಲ. ಆದ್ದರಿಂದ ಆ ಹುಳುಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ. ಮುದಿ ಮೊಲಗಳಲ್ಲಿಯೇ ಅವು ಹೆಚ್ಚು. ಹೀಗೆ ಒಂದೇ ಬಿಲದ ಮರಿಯೂ ಮುದಿಯೂ ಬೇರೆ ಬೇರೆ ಹುಳುವಿನ ಭಾರ ಹೊತ್ತಿರುತ್ತವೆ.

ಇದೇ ದಾಖಲೆಗಳ ಆಧಾರದ ಮೇಲೆ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ದುಂಡುಹುಳು ಮತ್ತು ಎರಡು ಲಾಡಿಹುಳುಗಳ ಪರಸ್ಪರ ಸಂಬಂಧವನ್ನು ಪರಿಶೀಲಿಸಿತು. ಒಂದೇ ಕರುಳಿನಲ್ಲಿರುವ ಈ ಐದೂ ತಮ್ಮ ಪಾಡಿಗೆ ತಾವಿರುವುದಿಲ್ಲ. ಕೆಲವು ಜೋಡಿಗಳಲ್ಲಿ ಒಂದು ಹೆಚ್ಚಾದರೆ ಇನ್ನೊಂದು ಕುಗ್ಗುತ್ತದೆ. ಇನ್ನು ಕೆಲವು ಜೋಡಿಗಳಲ್ಲಿ ಒಂದರ ಇರವು ಇನ್ನೊಂದಕ್ಕೆ ಅನುಕೂಲವಾಗುತ್ತದೆ. ಔಷಧ ಕೊಟ್ಟು ಒಂದು ಹುಳುವನ್ನು ತೆಗೆದರೆ ಬೇರೊಂದು ಹೆಚ್ಚಬಹುದೆಂಬ ಎಚ್ಚರಿಕೆ ಇದರಲ್ಲಿ ಅಡಗಿದೆ.

ಹುಳುಗಳು ಎಲ್ಲ ಮೊಲಗಳಲ್ಲಿ ಸಮನಾಗಿ ಹಂಚಿಹೋಗಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹೆಚ್ಚಿನ ಮೊಲಗಳಲ್ಲಿ ಕೆಲವೇ ಹುಳುಗಳಿದ್ದು, ಕೆಲವೇ ಮೊಲಗಳಲ್ಲಿ ಬಹುಪಾಲು ಹುಳುಗಳು ತುಂಬಿರುತ್ತವೆ. ಸರಾಸರಿಯೊಂದನ್ನೇ ನೋಡಿ ಸಮುದಾಯದ ಸ್ಥಿತಿಯನ್ನು ನಿರ್ಣಯಿಸುವುದು ಆದ್ದರಿಂದ ತಪ್ಪುದಾರಿಗೆಳೆಯುತ್ತದೆ. ಋತುವಿನ ಪಾತ್ರವೂ ಇದೆ: ವಸಂತದಲ್ಲಿ ಮರಿಗಳು ಬಿಲದಿಂದ ಹೊರಬಂದು ಮೇಯತೊಡಗುವ ಹೊತ್ತಿಗೆ ಹುಲ್ಲಿನ ಮೇಲೆ ಮರಿಹುಳುಗಳೂ ಸಿದ್ಧವಾಗಿರುತ್ತವೆ. ಸಂತಾನೋತ್ಪತ್ತಿಯ ಕಾಲದಲ್ಲಿ ಹೆಣ್ಣು ಮೊಲಗಳ ನಿರೋಧಕ ಶಕ್ತಿ ಸಡಿಲಗೊಂಡು ಅವು ಹೆಚ್ಚು ಮೊಟ್ಟೆಗಳನ್ನು ಹೊರಹಾಕುವುದು ಇದಕ್ಕೆ ಪೂರಕ.

ಮಿಕ್ಸೋಮ ವೈರಸ್ಸಿನ ಪ್ರಭಾವ

1952ರಲ್ಲಿ ಫ್ರಾನ್ಸಿನ ಅರ್ಮಾ ದೆಲೀಲ್ ಎಂಬ ನಿವೃತ್ತ ವೈದ್ಯರು ತಮ್ಮ ಜಮೀನಿನ ಮೊಲಗಳ ಕಾಟ ತಪ್ಪಿಸಲು ಮಿಕ್ಸೋಮ ವೈರಸ್ಸನ್ನು ಬಿಟ್ಟರು. ಅದು ಅವರ ಬೇಲಿಯೊಳಗೆ ನಿಲ್ಲಲಿಲ್ಲ. ಯುರೋಪಿನಾದ್ಯಂತ ಹರಡಿ ಮರುವರ್ಷ ಬ್ರಿಟನ್ನನ್ನೂ ತಲುಪಿ ಮೊಲಗಳ ಮಹಾಮಾರಿಯಾಯಿತು. ಕಾಲಕ್ರಮೇಣ ವೈರಸ್ಸಿನ ಉಗ್ರತೆ ತಗ್ಗಿತು, ಮೊಲಗಳೂ ತಾಳಿಕೆ ಬೆಳೆಸಿಕೊಂಡವು. ಆದರೆ ರೋಗ ಅಲ್ಲಿಯೇ ಉಳಿಯಿತು.

ಈ ವೈರಸ್ ಮೊಲದ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಸ್ಕಾಟ್ಲೆಂಡಿನ ದಾಖಲೆಗಳ ಪ್ರಕಾರ ವೈರಸ್ ತಗುಲಿದ ಮೊಲಗಳಲ್ಲಿ ಟ್ರೈಕೊಸ್ಟ್ರಾಂಗೈಲಸ್ ಹುಳುಗಳು ಹೆಚ್ಚಾಗಿದ್ದವು. ವಯಸ್ಸಾದಂತೆ ಇಳಿಯಬೇಕಾದ ಸಂಖ್ಯೆ ಅವುಗಳಲ್ಲಿ ಹಾಗೆ ಇಳಿಯಲಿಲ್ಲ. ಇಂಥ ಮೊಲವು ತಾನು ನರಳುವುದರ ಜೊತೆಗೆ ಹುಲ್ಲುಗಾವಲಿಗೆ ಹೆಚ್ಚು ಮೊಟ್ಟೆಗಳನ್ನು ಸುರಿದು ಉಳಿದವುಗಳಿಗೂ ಅಪಾಯ ಒಡ್ಡುತ್ತದೆ. ಮೊಲ ಸತ್ತಾಗ ಮರಣದ ಕಾರಣವೆಂದು ವೈರಸ್ಸನ್ನಷ್ಟೇ ಬರೆದುಕೊಳ್ಳುವುದು ರೂಢಿ. ಅದರಲ್ಲಿ ಹುಳುವಿನ ಪಾಲೆಷ್ಟು ಎಂಬುದು ಲೆಕ್ಕಕ್ಕೆ ಸಿಗುವುದು ಕಷ್ಟ.

ಹವಾಮಾನ ಬದಲಾವಣೆ

ವಾತಾವರಣ ಬಿಸಿಯಾದಂತೆ ಹುಳುಗಳು ಹೆಚ್ಚುತ್ತವೆ ಎಂಬ ಹೇಳಿಕೆ ಅರ್ಧ ಮಾತ್ರ ನಿಜ. 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಪರ್ತ್‌ಶೈರಿನಲ್ಲಿ ಹವೆ ಬೆಚ್ಚಗಾಗುತ್ತ ಬಂದಂತೆ ಹುಲ್ಲಿನ ಮೇಲೆ ಎರಡೂ ಹುಳುಗಳ ಮರಿಗಳಿಗೆ ಅನುಕೂಲವಾಯಿತು. ಆದರೆ ಮೊಲದೊಳಗೆ ದೀರ್ಘಕಾಲದಲ್ಲಿ ಏರಿದ್ದು ಗ್ರಾಫಿಡಿಯಮ್ ಮಾತ್ರ. ಟ್ರೈಕೊಸ್ಟ್ರಾಂಗೈಲಸ್ಸಿನ ಹೆಚ್ಚಳವನ್ನು ಮೊಲದ ನಿರೋಧಕ ಶಕ್ತಿಯೇ ತಡೆಹಿಡಿಯಿತು. ಹೊರಗಿನ ಹವೆ ಎಷ್ಟು ಮುಖ್ಯವೋ ಒಳಗಿನ ರಕ್ಷಣೆಯೂ ಅಷ್ಟೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಡಿಮೆ.

ಮೊಲಗಳ ಸಾಗಾಟ ಮತ್ತು ಪರೋಪಜೀವಿಗಳು

ಯುರೋಪಿನ ಕಾಡುಮೊಲದ ಮೂಲನೆಲೆ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯ ಪರ್ಯಾಯದ್ವೀಪ. ಅಲ್ಲಿಂದ ಮನುಷ್ಯರೇ ಅದನ್ನು ಜಗತ್ತಿನ ಹಲವೆಡೆಗೆ ಒಯ್ದರು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬಾತ ಬೇಟೆಯ ವಿನೋದಕ್ಕಾಗಿ ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಬಿಟ್ಟ ಕೆಲವೇ ಮೊಲಗಳ ಸಂತತಿ ಆ ಖಂಡದ ಬಹುಭಾಗವನ್ನು ವ್ಯಾಪಿಸಿತು. ಮೇಲೆ ಹೇಳಿದ ಮೂರೂ ದುಂಡುಹುಳುಗಳು ಅಲ್ಲಿನ ಮೊಲಗಳಲ್ಲಿ ಇವೆ. ಆದರೆ ಎಲ್ಲ ಪರೋಪಜೀವಿಗಳೂ ಹಡಗಿನ ಪಯಣವನ್ನು ದಾಟಿ ಬರಲಿಲ್ಲ. ಕರುಳಿನದಲ್ಲದ ಒಂದು ನಿದರ್ಶನವೆಂದರೆ ಮೊಲದ ಚಿಗಟ: ಅದು ಆಸ್ಟ್ರೇಲಿಯದಲ್ಲಿ ಇರಲೇ ಇಲ್ಲ. ಮಿಕ್ಸೋಮ ವೈರಸ್ಸನ್ನು ಹರಡುವ ವಾಹಕವಾಗಲೆಂದು 1960ರ ದಶಕದಲ್ಲಿ ಸರ್ಕಾರವೇ ಅದನ್ನು ಯುರೋಪಿನಿಂದ ತರಿಸಿತು.

ಮೂಲನೆಲೆಯ ಕಥೆ ಇದಕ್ಕೆ ತದ್ವಿರುದ್ಧ. ಐಬೀರಿಯದಲ್ಲಿ ಮೊಲಗಳ ಸಂಖ್ಯೆ ವೈರಸ್ ರೋಗಗಳಿಂದಲೂ ನೆಲೆಯ ನಾಶದಿಂದಲೂ ತೀವ್ರವಾಗಿ ಕುಸಿದಿದ್ದು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಪ್ರಾಣಿಯನ್ನು ಅಪಾಯದಲ್ಲಿರುವ ಪ್ರಭೇದಗಳ ವರ್ಗಕ್ಕೆ ಸೇರಿಸಿದೆ. ಐಬೀರಿಯದ ಲಿಂಕ್ಸ್ ಎಂಬ ಕಾಡುಬೆಕ್ಕು ಮತ್ತು ಸ್ಪೇನಿನ ಸಾಮ್ರಾಟ ಹದ್ದು ಮುಖ್ಯವಾಗಿ ಈ ಮೊಲವನ್ನೇ ತಿಂದು ಬದುಕುತ್ತವೆ. ಹೀಗಾಗಿ ಮೊಲಗಳನ್ನು ಒಂದೆಡೆಯಿಂದ ಹಿಡಿದು ಇನ್ನೊಂದೆಡೆ ಬಿಡುವ ಕಾರ್ಯ ಅಲ್ಲಿ ನಡೆಯುತ್ತಿರುತ್ತದೆ. ಒಯ್ಯುವ ಮೊಲದೊಡನೆ ಅದರ ಹುಳು ಮತ್ತು ಐಮೀರಿಯಗಳೂ ಪ್ರಯಾಣ ಮಾಡುತ್ತವೆ. ಹಿಡಿದ ಭಯದಿಂದ ಮತ್ತು ಇಕ್ಕಟ್ಟಿನ ಗೂಡುಗಳಿಂದ ಬಳಲಿದ ಮೊಲದಲ್ಲಿ, ಅದುವರೆಗೆ ಹತೋಟಿಯಲ್ಲಿದ್ದ ಸೋಂಕು ಉಲ್ಬಣಿಸುವ ಸಾಧ್ಯತೆ ಇರುತ್ತದೆ.

ಪರೀಕ್ಷಾ ವಿಧಾನ

ಮೊಲವನ್ನು ಕೊಲ್ಲದೆ ಪರೀಕ್ಷಿಸುವ ಸರಳ ವಿಧಾನವೆಂದರೆ ಹಿಕ್ಕೆಯ ಪರೀಕ್ಷೆ. ಹಿಕ್ಕೆಯನ್ನು ಅರೆದು ಗಾಢವಾದ ಉಪ್ಪುನೀರಿನಲ್ಲಿ ಕದಡಿದರೆ, ಹಗುರವಾದ ಮೊಟ್ಟೆಗಳೂ ಅಂಡಗಳೂ ಮೇಲೆ ತೇಲುತ್ತವೆ. ಗೆರೆ ಕೊರೆದ ಮ್ಯಾಕ್‌ಮಾಸ್ಟರ್ ಗಾಜಿನ ಪೆಟ್ಟಿಗೆಯಲ್ಲಿ ಅವುಗಳನ್ನು ಎಣಿಸಿ ಒಂದು ಗ್ರಾಮಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಈ ಪೆಟ್ಟಿಗೆ 1930ರ ದಶಕದಲ್ಲಿ ಸಿಡ್ನಿಯ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಕುರಿಗಳಿಗಾಗಿ ರೂಪುಗೊಂಡದ್ದು. ಐಮೀರಿಯದ ಪ್ರಭೇದವನ್ನು ಗುರುತಿಸಲು ಅಂಡಗಳನ್ನು ಪೊಟ್ಯಾಸಿಯಮ್ ಡೈಕ್ರೋಮೇಟ್ ದ್ರಾವಣದಲ್ಲಿ ಕೆಲವು ದಿನ ಬಲಿಯಲು ಬಿಡಬೇಕು. ಮೊಟ್ಟೆಯ ಎಣಿಕೆ ಹುಳುವಿನ ಎಣಿಕೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಎಳೆಯ ಹುಳುಗಳು ಮೊಟ್ಟೆಯಿಡುವುದಿಲ್ಲ, ಇಕ್ಕಟ್ಟಾದಾಗ ಪ್ರೌಢ ಹುಳುಗಳೂ ಕಡಿಮೆ ಇಡುತ್ತವೆ.

ಮನುಷ್ಯರು ಮತ್ತು ಸಾಕುಪ್ರಾಣಿಗಳು

ಮೊಲದ ಕರುಳಿನ ಹುಳುಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಅಪಾಯಕಾರಿಯಲ್ಲ. ಒಂದು ಏಕಕೋಶ ಜೀವಿ ಮಾತ್ರ ಈ ನೆಮ್ಮದಿಯನ್ನು ಕದಡಿತು. 2008ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಪ್ರಾಂತ್ಯದ ಕುಡಿಯುವ ನೀರಿನಲ್ಲಿ ಕ್ರಿಪ್ಟೊಸ್ಪೊರಿಡಿಯಮ್ ಪತ್ತೆಯಾಗಿ, ಸುಮಾರು ಎರಡೂವರೆ ಲಕ್ಷ ಜನರಿಗೆ ನೀರನ್ನು ಕುದಿಸಿ ಕುಡಿಯುವಂತೆ ಸೂಚನೆ ಹೊರಟಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಭೇದಿಯಿಂದ ನರಳಿದ್ದು ಪ್ರಯೋಗಾಲಯದಲ್ಲಿ ದೃಢಪಟ್ಟಿತು. ಶುದ್ಧೀಕರಣ ಕೇಂದ್ರದೊಳಗೆ ನುಸುಳಿ ತೊಟ್ಟಿಯಲ್ಲಿ ಸತ್ತಿದ್ದ ಕಾಡುಮೊಲವೊಂದು ಮೂಲವೆಂದು ತಿಳಿದುಬಂದಿತು. ಅದರ ಕರುಳಿನಲ್ಲಿದ್ದ ಪರೋಪಜೀವಿಯೂ ರೋಗಿಗಳಲ್ಲಿದ್ದದ್ದೂ ಒಂದೇ ಆಗಿದ್ದವು. ಕ್ರಿಪ್ಟೊಸ್ಪೊರಿಡಿಯಮ್ ಕ್ಯುನಿಕ್ಯುಲಸ್ ಎಂಬ ಹೆಸರಿನಿಂದ ಇಂದು ಕರೆಯಲಾಗುವ ಈ ಜೀವಿ ನೀರಿಗೆ ಹಾಕುವ ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ.

ಸಾಕಿದ ಮೊಲಗಳಲ್ಲಿ ಕಾಕ್ಸಿಡಿಯೋಸಿಸ್ ತಡೆಯಲು ಹಿಕ್ಕೆ ಕೆಳಕ್ಕೆ ಬೀಳುವಂಥ ತಂತಿಯ ತಳದ ಗೂಡು, ಒಣಗಿದ ನೆಲ ಮತ್ತು ದಿನವೂ ಸ್ವಚ್ಛಗೊಳಿಸುವ ಅಭ್ಯಾಸ ಔಷಧದಷ್ಟೇ ಮುಖ್ಯ. ಅಂಡಗಳು ಬಲಿಯುವ ಮುನ್ನ ಹಿಕ್ಕೆಯನ್ನು ತೆಗೆದುಹಾಕುವುದು ಇದರ ಉದ್ದೇಶ. ಕೊಯ್ದ ಮೊಲದ ಕರುಳು, ಯಕೃತ್ತುಗಳನ್ನು ಹಸಿಯಾಗಿ ನಾಯಿಗಳಿಗೆ ಹಾಕಬಾರದು. ಟೀನಿಯ ಪಿಸಿಫಾರ್ಮಿಸ್ ನಾಯಿಯ ಕರುಳನ್ನು ಸೇರುವುದು ಆ ದಾರಿಯಿಂದಲೇ.